ಬಲಗೈ ಮುಟ್ಟದೆ

ಎಂಟನೇ ಖಣಿ, ಕಾಗಿಣಾ ತೀರ
ಫೆಬ್ರವರಿ 30, ಕ್ರಿ.ಶ. 2318

ಸುಮಾರು ಮುನ್ನೂರು ವರ್ಷ ಹಿಂದೆ, ಬೇರೆಯವರ ಮೈ ಒತ್ತಿ ಅವರ ತಳಮಳ ಇಳಿಸಿ ಬದುಕುತ್ತಿರುವ ಅಕ್ಕನಿಗೆ ಅಥವಾ ಅಣ್ಣನಿಗೆ,

ಮೇಲಿನ ತಾರೀಖು ನೋಡಿ ನೀವು ಮೊದಲು ನಗುತ್ತೀರಿ. ಬರೆದದ್ದರಲ್ಲಿ ತಪ್ಪಿಲ್ಲ. ನಮ್ಮ ಫೆಬ್ರವರಿಗೆ ಮೂವತ್ತೈದು ದಿನ. ಮೇ ತಿಂಗಳಲ್ಲಿ ಯಾರಿಗೂ ಬೇಡವಾದ ದಿನಗಳು ಬಹಳವಿದ್ದವು. ನಮ್ಮ ಮುತ್ತಜ್ಜಂದಿರು ಅದರಲ್ಲಿ ಏಳನ್ನು ಕಿತ್ತು ಇತ್ತ ಹೊಲಿದರು. ಬಿಸಿಲು ಇದರಿಂದ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ, ಮೇ ಬೇಗ ಮುಗಿಯಿತೆಂಬ ಸಮಾಧಾನವೊಂದು ಉಳಿಯಿತು. ಮಾತು ವಿಚಿತ್ರವಾಗಿ ಕೇಳಿದರೆ ಅದಕ್ಕೂ ಕ್ಷಮೆ ಇರಲಿ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಬದುಕಿನಲ್ಲಿ ಒಂದು ಸಲ ಹಿಂದಿನ ಕಾಲಕ್ಕೆ ಪತ್ರ ಕಳಿಸುವ ಅವಕಾಶವಿದೆ, ಅದನ್ನು ಹಿಂಬರಹ ಎನ್ನುತ್ತೇವೆ. ನಾನು ಹೇಳಿದ್ದನ್ನು ನಿಮ್ಮ ಕಾಲದ ಕನ್ನಡಕ್ಕೆ ತಿದ್ದುವ ಗುಮಾಸ್ತರು ನಿಮ್ಮ ಹಳೆಯ ದಿನಪತ್ರಿಕೆಗಳನ್ನು ಓದಿ ಭಾಷೆ ಕಲಿತವರು. ಆದ್ದರಿಂದ ನಾನು ಅತ್ತ ಜಾಗದಲ್ಲೂ ಸುದ್ದಿ ಓದಿದ ಹಾಗೆ ಕೇಳಿಸಿದರೆ ಬೈಗುಳ ಅವರಿಗೆ ಸೇರಲಿ. ಬಹಳ ಜನ ಈ ಪತ್ರವನ್ನು ಮುಪ್ಪಿನವರೆಗೆ ಕಾದಿಟ್ಟುಕೊಳ್ಳುತ್ತಾರೆ. ನನಗೆ ಐವತ್ತೊಂದು ವರ್ಷ. ಕಾಯಲು ಆಗಲಿಲ್ಲ. ಇಷ್ಟು ಬರೆಸುವಷ್ಟರಲ್ಲೇ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದಿದ್ದೇನೆ.

ನನ್ನ ಹೆಸರು ಜಗದೇವಿ. ನಿಮ್ಮ ಕಾಲದಲ್ಲಿ ಈ ಸೀಮೆಯಿಂದ ಪರಸಿ ಕಲ್ಲು ತೆಗೆದು, ಚೌಕ ಚೌಕ ಕೊಯ್ದು, ಲಾರಿಯಲ್ಲಿ ಊರೂರಿಗೆ ಕಳಿಸುತ್ತಿದ್ದರಂತೆ. ನೀವು ಈಗ ಕಾಲಿಟ್ಟಿರುವ ನೆಲವೂ ಅದೇ ಇರಬಹುದು. ಕಲ್ಲು ನಿಮ್ಮ ಪಾಲಿಗೆ ಬಂತು, ಅದು ಬಿಟ್ಟುಹೋದ ಗುಂಡಿ ನಮ್ಮ ಪಾಲಿಗೆ ಬಂತು. ದೂರುತ್ತಿಲ್ಲ, ಆ ಗುಂಡಿ ಇಲ್ಲದಿದ್ದರೆ ನಾವು ಬದುಕುತ್ತಿರಲಿಲ್ಲ. ಮೇಲಿನ ಬಿಸಿಲು ತಡೆಯಲಾರದೆ ಜನ ಹಳೆಯ ಖಣಿಗಳಿಗೆ ಇಳಿದರು, ಖಣಿಯ ಗೋಡೆಗಳಲ್ಲಿ ಅಡ್ಡಡ್ಡ ಕೊರೆದು ಓಣಿ ಮಾಡಿಕೊಂಡರು. ಒಂದೊಂದು ಓಣಿಯನ್ನು ಸಾಲು ಎನ್ನುತ್ತೇವೆ. ನಮ್ಮ ಖಣಿಯಲ್ಲಿ ಒಂಬತ್ತು ಸಾಲುಗಳಿವೆ. ಹೊತ್ತು ಮೂಡುವ ಮೊದಲೇ ಮೇಲೆ ಹತ್ತಿ, ಪರದೆ ಕಟ್ಟಿದ ಹೊಲದಲ್ಲಿ ಜೋಳ ನೋಡಿಕೊಂಡು, ಎಂಟು ಗಂಟೆಯೊಳಗೆ ಇಳಿದು ಅಂಬಲಿ ಕುಡಿಯುತ್ತೇವೆ. ಆಮೇಲೆ ಸಂಜೆಯವರೆಗೆ ಕಲ್ಲಿನೊಳಗೇ ಎಲ್ಲ: ಶಾಲೆ, ಮಗ್ಗ, ಜಗಳ, ಮದುವೆ. ನಿಮ್ಮ ಕಾಲದ ಮಾಲೀಸು ಕೋಣೆಗಳಲ್ಲಿ ಯಂತ್ರದಿಂದ ನೀರು ಹರಿಯುವ ಸದ್ದು ಕೇಳಿಸಿ ಜನರನ್ನು ಮಲಗಿಸುತ್ತಿದ್ದರೆಂದು ಗುಮಾಸ್ತರು ಹೇಳಿದಾಗ ನಾನು ನಂಬಲಿಲ್ಲ. ನಮ್ಮಲ್ಲಿ ಗೋಡೆಯೊಳಗೆ ನೀರಿನ ಸದ್ದು ಕೇಳಿದರೆ ಮಕ್ಕಳನ್ನು ಎತ್ತಿಕೊಂಡು ಓಡುತ್ತೇವೆ.

ಮೂವತ್ತು ಮೊಳ ಕಲ್ಲಿನ ಕೆಳಗೆ ಮಲಗುವ ಜನರಿಗೆ ಎದೆ ಹೊಡೆದುಕೊಳ್ಳುವುದು ಸಹಜ. ಕೆಲವರಿಗೆ ಉಸಿರು ಮೇಲೆಯೇ ನಿಲ್ಲುತ್ತದೆ, ಕೆಲವರಿಗೆ ಊಟ ಸೇರುವುದಿಲ್ಲ, ಕೆಲವರು ಗೋಡೆ ಮುಟ್ಟಿ ಮುಟ್ಟಿ ಬೆರಳು ಒಡೆದುಕೊಳ್ಳುತ್ತಾರೆ. ಅವರಿಗಾಗಿ ಹಗುರಮನೆ ಇದೆ, ನಾನು ಅಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತೇನೆ. ಕುಸುಬೆ ಎಣ್ಣೆ ಬಿಸಿ ಮಾಡಿ ಬೆನ್ನು ಒತ್ತುತ್ತೇವೆ, ನೆತ್ತಿಗೆ ತಟ್ಟುತ್ತೇವೆ, ಕಾಲನ್ನು ಬೆಚ್ಚನೆಯ ನೀರಿನಲ್ಲಿ ಇಳಿಬಿಡಿಸುತ್ತೇವೆ, ಹೊಟ್ಟೆಯ ಮೇಲೆ ಮರಳಿನ ಚೀಲವಿಟ್ಟು ಅದು ಏರಿ ಇಳಿಯುವಂತೆ ಉಸಿರಾಡಿಸುತ್ತೇವೆ, ಒಂದೊಂದೇ ಅಂಗವನ್ನು ಬಿಗಿಹಿಡಿದು ಸಡಿಲ ಬಿಡಲು ಕಲಿಸುತ್ತೇವೆ. ಇದರಿಂದ ಜನ ಉಳಿದಿದ್ದಾರೆ, ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಕೆಲಸವನ್ನು ಹೀಗಳೆಯಲು ಈ ಪತ್ರ ಬರೆಸುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರತಿಯೊಬ್ಬರ ಬಲ ಮಣಿಕಟ್ಟಿನಲ್ಲೂ ಅಂಕಪಟ್ಟಿ ಇರುತ್ತದೆ. ನಾಡಿ, ಬೆವರು, ಚರ್ಮದ ಬಿಸಿ ನೋಡಿ ಅದು ತಳಮಳಕ್ಕೆ ಒಂದು ಅಂಕ ಕೊಡುತ್ತದೆ. ನಲವತ್ತರೊಳಗಿದ್ದರೆ ಸಮ, ಮೀರಿದರೆ ಹಗುರಮನೆಗೆ ಬರಬೇಕು. ಪಟ್ಟಿ ಮಣಿಕಟ್ಟಿನಲ್ಲಿರುವುದರಿಂದ ಕೈ ಒತ್ತಿದರೆ ಅಂಕ ಎಲ್ಲಕ್ಕಿಂತ ಬೇಗ ಇಳಿಯುತ್ತದೆ ಎಂಬುದನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಬೆನ್ನು, ಕಾಲು, ನೆತ್ತಿ ಎಲ್ಲ ಆದಮೇಲೆ ಬಿಸಿ ಉಪ್ಪಿನ ಗಂಟನ್ನು ಬಲ ಅಂಗೈಯಲ್ಲಿಟ್ಟು, ಬೆರಳಿನ ಸಂದು ಸಂದು ಬಿಡಿಸಿ, ಅರ್ಧ ಗಳಿಗೆ ಒತ್ತಿ ಮುಗಿಸುವುದು. ಎದ್ದು ಹೋಗುವವರು ‘ಕೈ ಬೆಣ್ಣಿ ಆದ್ವು’ ಎಂದರೆ ಅದೇ ನಮಗೆ ಶಾಬಾಸ್‌ಗಿರಿ. ಆ ಮಾತು ಕೇಳಲು ನಾವು ಹಪಹಪಿಸುತ್ತಿದ್ದೆವು. ಇನ್ನೊಂದು ಕಟ್ಟುನಿಟ್ಟು ಏನೆಂದರೆ ತಳಮಳದ ಕಾರಣ ಕೇಳುವಂತಿಲ್ಲ. ಇಕ್ಕಟ್ಟಿನ ಜಾಗದಲ್ಲಿ ಒಬ್ಬರ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದೆಂದು ಮಾಡಿದ ನಿಯಮ. ಮೈ ಒತ್ತಬೇಕು, ಬಾಯಿ ಮುಚ್ಚಬೇಕು.

ಈಗ ಕಾಶಿಬಾಯಿಯ ವಿಷಯ. ಅವಳು ತಟ್ಟುಗಾತಿ, ಎಂದರೆ ಸಾಲುಗಳ ಮೇಲ್ಗಲ್ಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಎಲ್ಲಿ ಪದರ ಬಿಟ್ಟು ಪೊಳ್ಳಾಗಿದೆ ಎಂದು ಹೇಳುವವಳು. ಅವಳು ಪೊಳ್ಳೆಂದರೆ ಆ ಸಾಲು ಅಂದೇ ಖಾಲಿಯಾಗಬೇಕು. ಆದರೆ ಅಂಕ ನಲವತ್ತು ಮೀರಿದ ತಟ್ಟುಗಾತಿಯ ಮಾತು ನಡೆಯುವುದಿಲ್ಲ. ಎಂಬತ್ತು ವರ್ಷದ ಹಿಂದೆ ಒಬ್ಬಳು ಹೆದರಿಕೆಯಲ್ಲಿ ಗಟ್ಟಿ ಕಲ್ಲನ್ನೇ ಪೊಳ್ಳೆಂದಳಂತೆ. ಎರಡು ಸಾಲಿನ ಜನ ಮೇ ಬಿಸಿಲಿಗೆ ಹತ್ತಿದರು, ಹತ್ತೊಂಬತ್ತು ಜನ ತಿರುಗಿ ಇಳಿಯಲಿಲ್ಲ. ಅಂದಿನಿಂದ ಈ ನಿಯಮ. ಕಾಶಿಬಾಯಿ ಕಳೆದ ತಿಂಗಳು ಏಳನೇ ಸಾಲಿನಲ್ಲಿ ತಟ್ಟುತ್ತ ಹೋದಾಗ ಒಂದು ಕಡೆ ನಿಂತಳು. ಅವಳ ಅಂಕ ಅರವತ್ತೊಂದಕ್ಕೆ ಹಾರಿತು. ಮಾತು ತಳ್ಳಿಹಾಕಿ ನನ್ನ ಬಳಿ ಕಳಿಸಿದರು. ನಾನು ನಲವತ್ತು ನಿಮಿಷ ಒತ್ತಿ ಮೂವತ್ತಕ್ಕೆ ಇಳಿಸಿದೆ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನನ್ನ ಕೈಕೆಳಗೆ ಮಲಗಿ ಎದ್ದು, ಸಮದ ಅಂಕದೊಂದಿಗೆ ಹೋಗಿ ಅದೇ ಕಲ್ಲು ತಟ್ಟಿದಳು, ಏನೂ ಕಾಣಲಿಲ್ಲ, ಸಾಲು ಗಟ್ಟಿ ಎಂದಳು. ವಾರ ಕಳೆಯಿತು, ಎಣ್ಣೆಯ ಗುಣ ಇಳಿಯಿತು, ಮತ್ತೆ ಅಲ್ಲೇ ನಿಂತಳು, ಮತ್ತೆ ಐವತ್ತೆಂಟು, ಮತ್ತೆ ನನ್ನ ಚಾಪೆ, ಮತ್ತೆ ಗಟ್ಟಿ. ಜನ ಆಡಿಕೊಳ್ಳತೊಡಗಿದರು. ಮೂರನೇ ಸಲವೂ ಹೀಗಾದರೆ ಅವಳ ಸುತ್ತಿಗೆ ಕಿತ್ತುಕೊಳ್ಳುವುದೆಂದು ಖಣಿಯ ಸಭೆಯಲ್ಲಿ ತೀರ್ಮಾನವಾಯಿತು.

ಆ ಏಳನೇ ಸಾಲಿನಲ್ಲಿ ನನ್ನ ಮಗಳು ಮಹಾನಂದಾ ಇದ್ದಳು, ಇಪ್ಪತ್ತು ದಿನದ ಕೂಸಿನೊಂದಿಗೆ. ಸಾಲಿನಲ್ಲಿ ಇನ್ನೂರ ಹನ್ನೆರಡು ಜನ. ಕಾಶಿಬಾಯಿ ಹೆದರಿದಾಗ ಹೇಳಿದ್ದು ನಿಜವೋ, ಸಮವಾದಾಗ ಹೇಳಿದ್ದು ನಿಜವೋ? ನಾನು ಹಗಲೆಲ್ಲ ಇದೇ ಯೋಚನೆಯಲ್ಲಿ ಎಣ್ಣೆ ಚೆಲ್ಲಿದೆ, ಒಲೆ ಹಚ್ಚಿ ಮರೆತೆ. ನಿಯಮ ಮುರಿಯದೆ ಹೇಳಲು ದಾರಿ ಕಾಣದೆ, ನಾಲ್ಕು ದಿನ ನಮ್ಮಲ್ಲಿ ಬಂದಿರು ಎಂದು ಮಗಳನ್ನು ಕರೆದೆ. ಅವಳು ನಕ್ಕಳು. ಹಗುರಮನೆಯವಳ ಮಗಳೇ ಗಂಟು ಕಟ್ಟಿದರೆ ಸಾಲಿನವರೆಲ್ಲ ಬಟ್ಟೆ ಗಂಟು ಕಟ್ಟುತ್ತಾರೆ, ನಿನಗೆ ಬಾಣಂತನ ಮಾಡುವ ಹುಚ್ಚು ಬಿಟ್ಟಿಲ್ಲ ಎಂದಳು. ನಾನೂ ನಕ್ಕೆ.

ಎರಡನೇ ಸಲ ಕಾಶಿಬಾಯಿ ಚಾಪೆಯಿಂದ ಎದ್ದು ಹೋಗುವಾಗ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಬಿಟ್ಟಿರಲಿಲ್ಲ. ಅಂಬಲಿಯ ಬಟ್ಟಲು ಅವಳ ಬಲಗೈಯಿಂದ ಜಾರಿ ಬಿದ್ದಿತ್ತು, ಅವಳಿಗೆ ಜಾರಿದ್ದು ತಿಳಿದೇ ಇರಲಿಲ್ಲ. ಬಿದ್ದ ಸದ್ದಿಗೆ ಬೆಚ್ಚಿ, ಕೈ ನೋಡಿಕೊಂಡು, ಬೆಣ್ಣೆಯಾಗಿವೆ ಎಂದು ನನ್ನನ್ನು ಹೊಗಳಿ ಹೋಗಿದ್ದಳು. ಮೂರನೇ ಸಲ ಅವಳು ಬಂದು ಕೂತಾಗ ನಾನು ಇಪ್ಪತ್ತಾರು ವರ್ಷದಲ್ಲಿ ಮಾಡದ ಕೆಲಸ ಮಾಡಿದೆ. ಬಾಯಿ ಬಿಟ್ಟು ಕೇಳಿದೆ. ಕಲ್ಲು ಪೊಳ್ಳೆಂದು ಯಾವ ಸದ್ದಿನಿಂದ ಗೊತ್ತಾಗುತ್ತದೆ, ಕಿವಿಗೆ ಹೇಗೆ ಕೇಳುತ್ತದೆ ಎಂದೆ. ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

“ಕಿವೀಲಿಂದ ಯಾರ್ ಕೇಳ್ತಾರಕ್ಕ? ಬಡದ ಮ್ಯಾಲ ಸುತ್ತಿಗಿ ತಿರುಗಿ ಕೈಗಿ ಬಡೀತದ. ಗಟ್ಟಿ ಇದ್ರ ಜೋರ್ ಬಡೀತದ, ಪೊಳ್ಳಿದ್ರ ಸುಮ್ಮ ಇರ್ತದ. ಕೈಯೇ ಹೇಳ್ತದ, ಕಿವಿ ಬರೇ ಹೂಂ ಅಂತದ.”

ನನ್ನ ಕೈಯಲ್ಲಿ ಉಪ್ಪಿನ ಗಂಟಿತ್ತು. ಅದನ್ನು ಕೆಳಗಿಟ್ಟೆ. ಅಷ್ಟು ದಿನ ನಾವು ಅವಳ ಹೆದರಿಕೆಯನ್ನು ಇಳಿಸುತ್ತಿದ್ದೇವೆಂದು ಅವಳ ಬಲಗೈಯನ್ನೇ ಅರ್ಧ ದಿನದ ಮಟ್ಟಿಗೆ ಮಲಗಿಸಿ ಕಳಿಸುತ್ತಿದ್ದೆವು. ಆ ಕೈಗೆ ಸಾಲಿನ ಎಲ್ಲ ಕಲ್ಲೂ ಒಂದೇ ಥರ ಇದ್ದವು, ಎಲ್ಲೂ ವ್ಯತ್ಯಾಸ ಕಾಣದೆ ಅವಳು ಗಟ್ಟಿ ಎಂದಿದ್ದಳು. ಎದೆ ಸಮವಿದ್ದು ಕೈ ಎಚ್ಚರವಿರುವಾಗ ಅವಳು ಆ ಕಲ್ಲನ್ನು ಒಮ್ಮೆಯೂ ತಟ್ಟಿಯೇ ಇರಲಿಲ್ಲ.

ಬಲಗೈ ಮುಟ್ಟದೆ ಅಂಕ ಇಳಿಸಬೇಕೆಂದು ಹೊರಟೆ. ಹಗುರಮನೆಯ ಹಿರಿಯಳು ಹಸೀನಾಬಿ. ನನಗೆ ಕೈ ಹಿಡಿದು ಕಲಿಸಿದವಳು, ಅಂಗೈಯಲ್ಲಿ ಮುಗಿಸುವ ಹದವನ್ನು ಅವಳಷ್ಟು ಚೆನ್ನಾಗಿ ಬಲ್ಲವರಿಲ್ಲ. ಒಂದು ಗಂಟೆಯಾದರೂ ಅಂಕ ಐವತ್ತರ ಕೆಳಗೆ ಬರದಿದ್ದಾಗ ಅವಳು ಬಂದು ಬೈದಳು. ಹೊರಗೆ ಎಂಟು ಜನ ಕಾಯುತ್ತಿದ್ದಾರೆ, ಕೈ ಒತ್ತಿ ಮುಗಿಸುವುದು ಬಿಟ್ಟು ಇದೇನು ಹೊಸ ಆಟ ಎಂದಳು. ನಾನು ಬಟ್ಟಲು ಬಿದ್ದದ್ದನ್ನು ಹೇಳಿದೆ, ಸುತ್ತಿಗೆ ತಿರುಗಿ ಬಡಿಯುವುದನ್ನು ಹೇಳಿದೆ. ಹಸೀನಾಬಿ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಆಮೇಲೆ ಹೊರಗೆ ಹೋಗಿ ಎಂಟು ಜನರನ್ನೂ ನಾಳೆ ಬನ್ನಿ ಎಂದು ಕಳಿಸಿ, ಒಳಗೆ ಬಂದು, ಕಾಶಿಬಾಯಿಯ ಕಾಲಿನ ಬಳಿ ಕೂತು ಪಾದ ಒತ್ತತೊಡಗಿದಳು.

ಮೂರು ಗಂಟೆ ಹಿಡಿಯಿತು. ಬೆನ್ನಿನ ಎರಡೂ ಬದಿ, ಕುತ್ತಿಗೆಯ ಬುಡ, ಎಡಗೈ ಬೆರಳು, ಮರಳಿನ ಚೀಲ, ಬಿಗಿಹಿಡಿದು ಬಿಡುವುದು, ಮತ್ತೆ ಮೊದಲಿನಿಂದ. ಐವತ್ತು, ನಲವತ್ತೇಳು, ಯಾರೋ ಹೊರಗೆ ಕೊಡ ಬೀಳಿಸಿದರು, ತಿರುಗಿ ಐವತ್ತೆರಡು. ನನಗೆ ಅಳು ಬಂತು, ಅತ್ತರೆ ಅವಳ ಅಂಕ ಏರುತ್ತದೆಂದು ತಡೆದೆ. ಕೊನೆಗೆ ಹಸೀನಾಬಿ ಜೋಗುಳವೂ ಅಲ್ಲದ ಹಾಡೂ ಅಲ್ಲದ ಒಂದು ಗುಂಯ್‌ಗುಡುವಿಕೆ ಶುರುಮಾಡಿದಳು, ಕಾಶಿಬಾಯಿ ಅದಕ್ಕೆ ಉಸಿರು ಸೇರಿಸಿದಳು. ಪಟ್ಟಿ ಮೂವತ್ತೊಂಬತ್ತು ತೋರಿಸಿದಾಗ ಅವಳು ಬಲಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಇಬ್ಬರು ಸಾಕ್ಷಿಗಳ ಜೊತೆ ಏಳನೇ ಸಾಲಿಗೆ ನಡೆದಳು.

ಒಂಬತ್ತನೇ ಮನೆಯ ಮುಂದೆ ಸುತ್ತಿಗೆ ತಿರುಗಿ ಬಡಿಯಲಿಲ್ಲ. ಮೂರು ಸಲ ತಟ್ಟಿದಳಂತೆ. ಅಂಕ ಮೂವತ್ತೆಂಟು ಇತ್ತು, ಸಾಕ್ಷಿಗಳು ಬರೆದುಕೊಂಡರು. ಅಂದು ಸಂಜೆಯೊಳಗೆ ಇನ್ನೂರ ಹನ್ನೆರಡು ಜನ ಗೊಣಗುತ್ತ, ಶಪಿಸುತ್ತ, ಕಾಶಿಬಾಯಿಗೆ ಹುಚ್ಚಿ ಎನ್ನುತ್ತ ಶಾಲೆಯ ಓಣಿಗೆ ಹೋದರು. ನನ್ನ ಮಗಳು ಎಲ್ಲರಿಗಿಂತ ಜಾಸ್ತಿ ಗೊಣಗಿದಳು. ನಾಲ್ಕನೇ ದಿನ ಬೆಳಿಗ್ಗೆ, ಅಂಬಲಿ ಕುಡಿಯುವ ಹೊತ್ತಿಗೆ, ಏಳನೇ ಸಾಲಿನ ಮೇಲ್ಗಲ್ಲು ಆರನೇ ಮನೆಯಿಂದ ಹದಿನಾಲ್ಕನೇ ಮನೆಯವರೆಗೆ ಕೆಳಗೆ ಬಂತು. ಅಡಿಯಲ್ಲಿ ಮಹಾನಂದಾಳ ಒಲೆ, ಎರಡು ಹಾಸಿಗೆ, ಬಾಣಂತಿ ಖಾರದ ಡಬ್ಬಿ ಸಿಕ್ಕವು. ಮನುಷ್ಯರು ಯಾರೂ ಸಿಗಲಿಲ್ಲ.

ಖುಷಿಯಿಂದ ಮಗಳನ್ನು ಅಪ್ಪಿಕೊಂಡೆ, ಕೂಸನ್ನು ಕೆಳಗಿಡಲಿಲ್ಲ. ಕಾಶಿಬಾಯಿಯನ್ನು ಜನ ಹೊತ್ತು ತಿರುಗಿದರು, ನನಗೂ ಹಸೀನಾಬಿಗೂ ಶಾಲು ಹೊದಿಸಿದರು. ಪತ್ರ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಶಾಲು ಹೊದ್ದು ನಿಂತಾಗಲೇ ನನಗೆ ಇನ್ನೊಂದು ಕೈ ನೆನಪಾಯಿತು. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಹನ್ನೊಂದು ವರ್ಷದ ಹಿಂದೆ ನಮ್ಮ ಮೂರನೇ ಸಾಲು ಕುಸಿಯಿತು. ನಲವತ್ತೊಂದು ಜನ ಹೋದರು. ಹಿಂದಿನ ದಿನ ಆ ಸಾಲು ಗಟ್ಟಿ ಎಂದು ಹೇಳಿದ್ದ ತಟ್ಟುಗಾತಿ ಗೌರವ್ವ. ಅವಳಿಗೆ ಅದಕ್ಕೂ ಮೊದಲು ಆ ಕಲ್ಲಿನ ಬಗ್ಗೆ ಅನುಮಾನವಿತ್ತು, ಅಂಕ ಏರಿತ್ತು, ನನ್ನ ಬಳಿ ಕಳಿಸಿದ್ದರು. ನಾನು ಇಪ್ಪತ್ತೆರಡಕ್ಕೆ ಇಳಿಸಿದ್ದೆ. ನಮ್ಮ ಹಗುರಮನೆಯಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಕೆಳಗೆ ಇಳಿಸಿರಲಿಲ್ಲ, ಆ ದಿನ ನಾನು ಬೀಗಿದ್ದೆ. ಕುಸಿದ ಮೇಲೆ ಅವಳ ಸುತ್ತಿಗೆ ಕಿತ್ತುಕೊಂಡರು. ಕಳ್ಳಗೈ ಎಂದು ಕರೆದರು. ಅಂದಿನಿಂದ ಅವಳು ಖಣಿಯ ಮೇಲ್ಬಾಯಿಯ ಹತ್ತಿರ, ಬಿಸಿಲು ಮೊದಲು ಬಡಿಯುವ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಯಾರೂ ಮಾತಾಡಿಸುವುದಿಲ್ಲ. ನಾನೂ ಮಾತಾಡಿಸಿರಲಿಲ್ಲ, ಎದುರಾದರೆ ಪಕ್ಕಕ್ಕೆ ಸರಿಯುತ್ತಿದ್ದೆ.

ನಿನ್ನೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಬಟ್ಟಲು, ಸುತ್ತಿಗೆ, ಉಪ್ಪಿನ ಗಂಟು, ಮತ್ತು ಆ ದಿನ ಅವಳ ಅಂಗೈಯನ್ನು ನಾನು ಎಷ್ಟು ಹೊತ್ತು ಒತ್ತಿದೆ ಎಂಬುದು. ನಿನ್ನ ಕೈ ಸುಳ್ಳು ಹೇಳಲಿಲ್ಲ, ನಾನು ಅದನ್ನು ಮಲಗಿಸಿದ್ದೆ ಎಂದೆ. ಅವಳು ಜೋಳ ಹಸನು ಮಾಡುತ್ತಿದ್ದಳು, ಮೊರ ಕೆಳಗಿಡಲಿಲ್ಲ. ಅವಳು ಅಳುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಎರಡಕ್ಕೂ ಸಿದ್ಧಳಾಗಿದ್ದೆ.

“ಅವತ್ತು ನೀ ಕೈ ಹಚ್ಚಿದ ಮ್ಯಾಲ ಭಾಳ ಛಂದ ನಿದ್ದಿ ಹತ್ತಿತ್ತು ನನಗ,” ಎಂದಳು. “ಅದೇ ಕಡೀ ನಿದ್ದಿ.”

ನನಗೆ ಬೇರೆ ಏನು ಬರುತ್ತದೆ? ಬೆನ್ನು ಒತ್ತಲೇ, ಈಗಲೇ, ಎಷ್ಟು ಹೊತ್ತಾದರೂ ಸರಿ ಎಂದು ಕೇಳಿದೆ. ಅವಳು ನನ್ನ ಕೈಗಳನ್ನು ನೋಡಿದಳು.

“ಇವತ್ತ ಬ್ಯಾಡ. ಮೊದಲ ಮಂದಿ ಮುಂದ ಹೇಳಿ ಬಾ. ಆಮ್ಯಾಲ ಒತ್ತುವಂತಿ.”

ಇವತ್ತು ಸಂಜೆ ಖಣಿಯ ಸಭೆ ಇದೆ. ಆ ನಲವತ್ತೊಂದು ಜನರ ಮನೆಯವರೆಲ್ಲ ಅಲ್ಲಿ ಇರುತ್ತಾರೆ. ಕೆಲವರು ನನ್ನ ಚಾಪೆಯ ಮೇಲೆಯೇ ಮಲಗಿ ಸಂಕಟ ಇಳಿಸಿಕೊಂಡು ಹೋದವರು. ಸಂಕಟದ ಬುಡದಲ್ಲಿ ನನ್ನ ಕೈಯೂ ಇತ್ತೆಂದು ಅವರಿಗೆ ಹೇಳಬೇಕು. ಬೆಳಿಗ್ಗೆಯಿಂದ ಬಾಯಿಪಾಠ ಮಾಡುತ್ತಿದ್ದೇನೆ, ಮೊದಲ ವಾಕ್ಯವೇ ನಾಲಿಗೆಗೆ ಬರುತ್ತಿಲ್ಲ. ಅದಕ್ಕೇ ನನ್ನ ಒಂದೇ ಪತ್ರವನ್ನು ಈ ದಿನಕ್ಕೆ ಖರ್ಚು ಮಾಡಿದೆ. ಹೇಳುವುದನ್ನು ನಿಮ್ಮಿಂದ ಶುರು ಮಾಡಿದ್ದೇನೆ, ನೀವು ಅಷ್ಟು ದೂರದಿಂದ ಎದ್ದು ಬಂದು ನನ್ನನ್ನು ಕೇಳಲಾರಿರಿ ಎಂಬ ಧೈರ್ಯದಿಂದ.

ನಿಮ್ಮಲ್ಲಿ ಒಂದೇ ಬೇಡಿಕೆ. ಕೆಲಸ ಬಿಡಬೇಡಿ, ಜನರಿಗೆ ಅದು ಬೇಕು. ಆದರೆ ನಡುಗುತ್ತ ಬಂದವರನ್ನು ಮಲಗಿಸುವ ಮೊದಲು, ಎಣ್ಣೆ ಬಿಸಿಯಾಗುವಷ್ಟು ಹೊತ್ತು, ಅವರು ದಿನವಿಡೀ ಏನು ಕೆಲಸ ಮಾಡುತ್ತಾರೆ, ಯಾವುದಕ್ಕೆ ಎಚ್ಚರವಾಗಿರುತ್ತಾರೆ ಎಂದು ಕೇಳಿ. ಕೇಳಿಸಿಕೊಂಡು ಆಮೇಲೆ ಒತ್ತಿ. ನಮಗೆ ಆ ಒಂದು ಮಾತು ಕೇಳಲು ಹನ್ನೊಂದು ವರ್ಷ ತಡವಾಯಿತು.

ಹಸೀನಾಬಿ ಈಗಷ್ಟೇ ಒಳಗೆ ಬಂದಳು. ಸಭೆಯಲ್ಲಿ ತಾನೂ ಪಕ್ಕದಲ್ಲಿ ನಿಲ್ಲುತ್ತಾಳಂತೆ, ಅಂಗೈಯಲ್ಲಿ ಮುಗಿಸಲು ಕಲಿಸಿದವಳು ತಾನೇ ಅಲ್ಲವೇ ಎಂದಳು. ನನ್ನ ಪಟ್ಟಿ ನೋಡಿ, ಐವತ್ತೇಳಿದೆ, ಹತ್ತು ನಿಮಿಷ ಕೂತುಕೋ, ಇಳಿಸಿ ಕಳಿಸುತ್ತೇನೆ, ಮಾತು ಸರಾಗ ಬರುತ್ತದೆ ಎಂದಳು. ಬೇಡ ಎಂದೆ. ಗೌರವ್ವ ಹನ್ನೊಂದು ವರ್ಷ ಇಳಿಸಿಕೊಳ್ಳದೆ ಇದ್ದಾಳೆ, ನಾನು ಒಂದು ಸಂಜೆ ಇರಬಲ್ಲೆ. ಗಂಟೆ ಹೊಡೆದರು. ದನಿ ನಡುಗುತ್ತದೆ, ನಡುಗುವ ದನಿಯಲ್ಲೇ ಹೇಳುತ್ತೇನೆ.

ನಿಮ್ಮ ಕೈಗಳು ಚೆನ್ನಾಗಿರಲಿ.

ಜಗದೇವಿ
ಹಗುರಮನೆ, ಎಂಟನೇ ಖಣಿ